ಸಪ್ಪೆ ಊಟ

ಅಪ್ಪ ಕೈ ತೊಳೆಯಲು ಎದ್ದುಹೋದರು. ಮಗಳು ಅವರ ತಟ್ಟೆಯಲ್ಲಿ ಉಳಿದಿದ್ದ ಮೀನಿನ ಚೂರನ್ನು ಥಟ್ಟನೆ ಬಾಯಿಗೆ ಹಾಕಿಕೊಂಡಳು. ಅನುಮಾನ ನಿಜವಾಯಿತು. ಒಂದು ಹರಳು ಉಪ್ಪಿರಲಿಲ್ಲ.

ಅವಳ ತಟ್ಟೆಯ ಮೀನಿಗೆ ಉಪ್ಪು ಹದವಾಗಿತ್ತು. ಅಂದರೆ ಒಲೆಯ ಮೇಲೆ ಎರಡು ಪಾತ್ರೆ. ಅಪ್ಪನದೇ ಬೇರೆ.

ಅಪ್ಪನಿಗೆ ಜ್ವರ ಬಂದು ಹೋಯಿತೆಂದು ತಿಳಿದು ನಾಲ್ಕು ದಿನದ ಮಟ್ಟಿಗೆ ನೋಡಿಹೋಗಲು ಬಂದವಳು ಅವಳು. ಅಣ್ಣ ಮೀನಿನ ದೋಣಿಯಲ್ಲಿ ಕಡಲ ಮೇಲಿದ್ದ. ಮನೆಯಲ್ಲಿ ಮಾವ, ಸೊಸೆ ಇಬ್ಬರೇ. ಹೇಳುವವರು ಕೇಳುವವರು ಇಲ್ಲದ ಮನೆಯಲ್ಲಿ ಸೊಸೆ ಆಡಿದ್ದೇ ಆಟ.

"ಅತ್ತಿಗೆ, ಡಾಕ್ಟರು ಅಪ್ಪಂಗೆ ಉಪ್ಪು ಬಿಡಿಸಿದಾರಾ?"

"ಇಲ್ಲ."

"ಮತ್ತೆ ಅವರ ಅಡುಗೆಗೆ ಯಾಕೆ ಹಾಕಲ್ಲ?"

ಅತ್ತಿಗೆ ಪಾತ್ರೆ ಉಜ್ಜುವುದನ್ನು ನಿಲ್ಲಿಸಲಿಲ್ಲ. "ಹತ್ತು ದಿನ ಆಯ್ತು. ಮಾವ ಏನಾದ್ರೂ ಅಂದ್ರಾ?"

"ಅವರ ಬಾಯಲ್ಲಿ ಅಂಥ ಮಾತು ಬರುತ್ತಾ?"

"ಬರಲಿ ಅಂತಲೇ ಕಾಯ್ತಿದೀನಿ."

ಎಂಥ ಕಲ್ಲೆದೆ! ಮುದುಕ ಬಾಯಿಬಿಟ್ಟು ಬೇಡಲಿ ಎಂದು ಕಾಯುತ್ತಿದ್ದಾಳೆ. ಮಗಳು ಜಗಲಿಗೆ ಹೋಗಿ, ಊಟ ಸರಿಹೋಗುತ್ತಿದೆಯೇ ಎಂದು ಅಪ್ಪನನ್ನು ಮೆಲ್ಲಗೆ ಕೇಳಿದಳು. "ಏನೂ ಕೊರತೆಯಿಲ್ಲಮ್ಮ, ಸೊಸೆ ಚೆನ್ನಾಗಿ ನೋಡ್ಕೋತಾಳೆ" ಎಂದರು. ಅವಳಿಗೆ ಅಳು ಬಂತು.

ಊರಿನ ಒಂದು ಮಗ್ಗುಲಿಗೆ ಕಡಲು, ಇನ್ನೊಂದಕ್ಕೆ ಕೆರೆ, ನಡುವೆ ತಗ್ಗಿನ ಗದ್ದೆಗಳು. ಬೇಸಿಗೆಯಲ್ಲಿ ಕಡಲ ಉಪ್ಪುನೀರು ಹಳ್ಳದ ದಾರಿ ಹಿಡಿದು ಕೆರೆಗೆ ನುಗ್ಗುತ್ತದೆ. ಮಳೆ ಹಿಡಿದ ಮೇಲೆ ಕೆರೆ ನಿಧಾನವಾಗಿ ಸಿಹಿಯಾಗುತ್ತದೆ. ಆಗ ತೂಬಿನ ಹಲಗೆ ಎತ್ತಿ ಗದ್ದೆಗೆ ನೀರು ಬಿಡಬೇಕು. ಅವಸರ ಮಾಡಿದರೆ ಉಪ್ಪು ನೆಲಕ್ಕಿಳಿದು ಮೂರು ವರ್ಷ ಹುಲ್ಲೂ ಹುಟ್ಟದು. ಎತ್ತುವ ದಿನ ಯಾವುದೆಂದು ಮೂವತ್ತು ವರ್ಷಗಳಿಂದ ಹೇಳುತ್ತಿದ್ದದ್ದು ಅಪ್ಪನ ನಾಲಿಗೆ. ಬೇರೆಯವರಿಗೆ ಸಿಹಿಯೆನಿಸಿದ ನೀರಿನಲ್ಲೂ ಅವರು ಉಪ್ಪು ಹಿಡಿಯುತ್ತಿದ್ದರು. ಊರಿಗೆಲ್ಲ ಅವರು ನಾಲಿಗೆಯಜ್ಜ.

ಅತ್ತಿಗೆಯ ತಮ್ಮ ಪಟ್ಟಣದಲ್ಲಿ ನೀರು ಪರೀಕ್ಷಿಸುವ ಯಂತ್ರ ಮಾರುತ್ತಿದ್ದ. ಈ ಸಲ ಅದನ್ನು ತರಿಸೋಣ ಎಂದು ಅವಳು ಊರವರ ದುಂಬಾಲು ಬಿದ್ದಿದ್ದಳಂತೆ. ಮುದುಕನನ್ನು ಸಪ್ಪೆ ಊಟದಿಂದ ಬಗ್ಗಿಸಿ ಆ ಜಾಗಕ್ಕೆ ತಮ್ಮನ ಡಬ್ಬಿ ತಂದಿಡುವ ಹುನ್ನಾರ. ಮಗಳಿಗೆ ಎಲ್ಲ ಅರ್ಥವಾಗಿಹೋಯಿತು.

ಮಾರನೆಯ ಬೆಳಿಗ್ಗೆ ತೂಬಿನ ಬಳಿ ಊರೇ ನೆರೆದಿತ್ತು. ಅಪ್ಪ ಮೆಟ್ಟಿಲಿಳಿದು, ನೀರು ಮುಟ್ಟುವ ಮುನ್ನ ಕೇಳಿದರು: "ಮಳೆ ಹಿಡಿದು ಎಷ್ಟು ದಿನ ಆಯ್ತು?"

"ಹದಿನಾರು ಅಜ್ಜ."

ಬೊಗಸೆ ನೀರನ್ನು ಬಾಯಿಗೆ ಹಾಕಿಕೊಂಡರು. ಮುಕ್ಕಳಿಸಿದರು. ಉಗುಳಿದರು. ಸುತ್ತ ನಿಂತವರ ಮುಖಗಳನ್ನು ಒಮ್ಮೆ ನೋಡಿದರು.

"ಸಿಹಿ. ಎತ್ರಪ್ಪ."

"ಎತ್ತಬೇಡಿ!" ಅತ್ತಿಗೆ ಓಡಿಬಂದು ಹಲಗೆಯನ್ನು ತಬ್ಬಿ ನಿಂತಳು. "ನಾನೂ ಕುಡಿದು ನೋಡಿದೀನಿ, ಇನ್ನೂ ಉಪ್ಪಿದೆ. ಮಾವ, ನೀವೇ ಹೇಳಿಬಿಡಿ. ಮಾವನ ನಾಲಿಗೆ..."

ಮಗಳು ಇದಕ್ಕೇ ಕಾದಿದ್ದಳು. "ಅಡುಗೆಗೆ ಉಪ್ಪು ಹಾಕೋಕೆ ಬರದವಳು ಕೆರೆಗೆ ಹಾಕೋಕೆ ಬಂದ್ಲು ನೋಡಿ!"

ಊರೆಲ್ಲ ಗೊಳ್ಳೆಂದು ನಕ್ಕಿತು. ಅತ್ತಿಗೆ ಏನೋ ಕೂಗುತ್ತಲೇ ಇದ್ದಳು, ಯಾರಿಗೂ ಕೇಳಿಸಲಿಲ್ಲ. ಒಬ್ಬಾತ ಬೊಗಸೆಯೆತ್ತಿ ರುಚಿ ನೋಡಿ, "ನಮಗೇನು ತಿಳಿಯುತ್ತೆ, ಅಜ್ಜ ಹೇಳಿದ ಮೇಲೆ ಮುಗೀತು" ಎಂದ. ಮಗಳು ಅತ್ತಿಗೆಯ ರಟ್ಟೆ ಹಿಡಿದು ಎಳೆದಳು. ಅವಳು ಕಾಲುವೆಯ ಕೆಸರಿಗೆ ಬಿದ್ದಳು. ಹಲಗೆ ಎದ್ದಿತು, ನೀರು ಅವಳ ಮೇಲೆಯೇ ಹಾದುಹೋಯಿತು.

"ಉಪ್ಪು ತಿಂದೋರು ನೀರು ಕುಡೀಲೇಬೇಕಲ್ಲ" ಎಂದು ಯಾರೋ ಅಂದರು. ಮತ್ತೆ ನಗು. ಅಪ್ಪ ಮಾತ್ರ ಅತ್ತ ನೋಡಲಿಲ್ಲ.

"ಉಂಡ ಮನೆಯ ಜಂತೆ ಎಣಿಸ್ತೀಯಾ? ನಡಿ, ಯಂತ್ರ ಮಾರೋ ತಮ್ಮನ ಮನೆಗೇ ನಡಿ" ಎಂದಳು ಮಗಳು. ಹತ್ತು ಗಂಟೆಯ ಬಸ್ಸಿಗೆ ಅತ್ತಿಗೆ ಒದ್ದೆ ಬಟ್ಟೆಯಲ್ಲೇ ಹೊರಟುಹೋದಳು.

ಮಧ್ಯಾಹ್ನ ಮಗಳೇ ಅಡುಗೆ ಮಾಡಿದಳು. ಒಂದೇ ಪಾತ್ರೆ. ಉಪ್ಪು ಹಾಕಿ ಎರಡೆರಡು ಸಲ ರುಚಿ ನೋಡಿದಳು. ಅಷ್ಟರಲ್ಲಿ ಊರಿನ ಗದ್ದೆಗಳೆಲ್ಲ ಕಂಠಮಟ್ಟ ತುಂಬಿದ್ದವು. ಅಪ್ಪ ತಲೆ ತಗ್ಗಿಸಿ ಊಟ ಮಾಡಿದರು.

"ಹೇಗಿದೆ ಅಪ್ಪ?"

"ಚೆನ್ನಾಗಿದೆಯಮ್ಮ. ನಿನ್ನ ಅತ್ತಿಗೆ ಮಾಡೋ ಹಾಗೇ ಇದೆ."

ಮಗಳಿಗೆ ರೇಗಿತು. "ಸಾಕು ನಿಮ್ಮ ದೊಡ್ಡತನ! ಹತ್ತು ದಿನ ಉಪ್ಪಿಲ್ಲದ್ದು ಹಾಕಿದ್ದಾಳೆ, ತುಟಿ ಬಿಚ್ಚದೆ ತಿಂದ್ರಲ್ಲ!"

ಅಪ್ಪನ ಕೈ ಬಾಯಿಯ ಹತ್ತಿರವೇ ನಿಂತಿತು. ತುತ್ತನ್ನು ತಟ್ಟೆಗೆ ಇಳಿಸಿದರು.

"ನಿಜ ಹೇಳು ಮಗಳೇ, ಅವಳು ಉಪ್ಪು ಹಾಕ್ತಿರ್ಲಿಲ್ವಾ?"