ಹೊಗೆಯಿಲ್ಲದ ಕ್ಲಬ್ಬು

ಎರಡನೇ ಏಟಿಗೆ ಸುನಿಲ್‌ನ ಮೂಗಿನ ಮೂಳೆ ಮುರಿಯಿತು. ಬಾಯಲ್ಲಿದ್ದ ಸಿಗರೇಟು ರಕ್ತದ ಜೊತೆಗೇ ಇಸ್ಪೀಟಿನ ಮೇಜಿನ ಮೇಲೆ ಬಿತ್ತು. ಕ್ಲಬ್ಬಿನ ಕಾವಲಿನ ಶಶಿಧರ್ ಅದನ್ನು ಹೊಸಕಿ, ಅವನ ಕಾಲರ್ ಹಿಡಿದು ಬಾಗಿಲಿನವರೆಗೆ ಎಳೆದ.

"ಹೊಗೆ ನಿಂತಾಗಿಂದ ಒಂದು ಆಟಾನೂ ಗೆದ್ದಿಲ್ಲ, ಮಾರಾಯ. ತಲೆ ಕೆಟ್ಟಿತ್ತು. ಒಂದೇ ಒಂದು ದಮ್ಮು," ಎಂದು ಸುನಿಲ್ ತೊದಲಿದ.

"ಹೊರಗೆ ಎಳ್ಕೊ," ಎಂದು ಶಶಿಧರ್ ಅವನನ್ನು ಮೆಟ್ಟಿಲಿನಿಂದ ಕೆಳಕ್ಕೆ ನೂಕಿದ. ಉರುಳಿದವನ ತಲೆ ಕೊನೆಯ ಕಲ್ಲಿಗೆ ಬಡಿಯಿತು.

ಭದ್ರಾವತಿಯ ಆ ಕ್ಲಬ್ಬಿನಲ್ಲಿ ಹೊಗೆ ನಿಷೇಧವಾಗಿದ್ದು ಯುಗಾದಿ ಕಳೆದ ಮೇಲೆ. "ಸಿಗರೇಟಿಲ್ಲದೆ ಇಸ್ಪೀಟಾ? ಕ್ಲಬ್ಬಿಗೆ ಬೀಗ ಹಾಕಿಸ್ತೀಯ ನೀನು," ಎಂದು ಮಾಲೀಕ ಷಡಕ್ಷರಪ್ಪ ಅಳಿಯನ ಮೇಲೆ ರೇಗಿದ್ದರು. ಅಳಿಯ ವಿಜಯೇಂದ್ರ ನಕ್ಕಿದ್ದ.

"ಹೊಗೆಗೆ ಹೇಸಿ ಶಿವಮೊಗ್ಗದ ದೊಡ್ಡ ಕುಳಗಳು ಇತ್ತ ತಲೆ ಹಾಕ್ತಿಲ್ಲ, ಮಾವ. ಬಂದವರಿಗೂ ಅಂಗಿ ವಾಸನೆ ಹೆಂಡತಿ ಮೂಗಿಗೆ ಬಡಿಯುತ್ತೆ ಅನ್ನೋ ಭಯ. ಗಾಳಿ ಚೊಕ್ಕ ಮಾಡಿ, ಆಮೇಲೆ ವ್ಯಾಪಾರ ನೋಡಿ."

ಅವನ ಮಾತೇ ನಿಜವಾಯಿತು. ಶಿವಮೊಗ್ಗದ ವಿದ್ಯಾನಗರದಿಂದಲೂ ಕಾರುಗಳು ಬರತೊಡಗಿದವು. ಷಡಕ್ಷರಪ್ಪ ಅಳಿಯನನ್ನು ಹೊಗಳಿದ್ದೇ ಹೊಗಳಿದ್ದು.

ಶಶಿಧರ್‌ಗೆ ಮಾತ್ರ ವಿಜಯೇಂದ್ರ ಬೇರೆಯದೇ ಕಾರಣ ಹೇಳಿದ್ದ. ವರ್ಷಗಟ್ಟಲೆ ಆ ಹೊಗೆಯೊಳಗೆ ನಿಂತು ಶಶಿಧರ್‌ನ ಎದೆ ಹಾಳಾಗಿತ್ತು. ಕೆಮ್ಮಿದರೆ ರಕ್ತ ಬೀಳುತ್ತಿತ್ತು.

"ನಿನಗೋಸ್ಕರ ನಿಲ್ಲಿಸ್ತಿದೀನಿ ಕಣೋ. ಯಾರಾದ್ರೂ ಹಚ್ಚಿದ್ರೆ ಮುಖ ಮೋರೆ ನೋಡ್ಬೇಡ."

ಅಂದಿನಿಂದ ಅವನು ನೋಡಿರಲಿಲ್ಲ. ಜೀವ ಉಳಿಸಿದವನಿಗಾಗಿ ಎಷ್ಟು ಹಲ್ಲು ಉದುರಿಸಿದರೂ ಕಡಿಮೆಯೇ ಅನ್ನಿಸುತ್ತಿತ್ತು.

ಇವತ್ತು ಅವನು ಮೆಟ್ಟಿಲಿಳಿದು ಬಗ್ಗಿ ನೋಡಿದ. ಸುನಿಲ್ ಜನ್ನಾಪುರದಲ್ಲಿ ಅವನ ಪಕ್ಕದ ಮನೆಯವನು. ಕೆಮ್ಮು ವಿಪರೀತವಾದ ದಿನ ಶಶಿಧರ್‌ನನ್ನು ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದವನು. ಈಗ ಮೆಟ್ಟಿಲ ಬುಡದಲ್ಲಿ ಅಲುಗದೆ ಬಿದ್ದಿದ್ದ. ಕಿವಿಯಿಂದ ರಕ್ತ ಸಣ್ಣಗೆ ಇಳಿಯುತ್ತಿತ್ತು.

ಶಶಿಧರ್ ಮಹಡಿಗೆ ಓಡಿದ. ಯಾರೂ ಕಾಲಿಡಬಾರದೆಂದು ಅಪ್ಪಣೆಯಾಗಿದ್ದ ವಿಜಯೇಂದ್ರನ ಕೋಣೆಯ ಬಾಗಿಲನ್ನು ತಳ್ಳಿಬಿಟ್ಟ.

"ಅಣ್ಣ, ಸುನಿಲ್ ಏಳ್ತಿಲ್ಲ. ಕಾರು ಕೊಡಿ, ಹೋಗ್ಬಿಡ್ತಾನೆ."

ವಿಜಯೇಂದ್ರ ತಿರುಗಲಿಲ್ಲ. ಅವನ ಕಣ್ಣು ಎದುರಿನ ದೊಡ್ಡ ಟಿವಿಯ ಮೇಲೆ ನೆಟ್ಟಿತ್ತು. ಫೋನಿನಲ್ಲಿ, ಕೆಳಗೆ ಆಟಕ್ಕೆ ಕೂತಿದ್ದ ತನ್ನವನೊಬ್ಬನಿಗೆ ಏನನ್ನೋ ಪಿಸುಗುಟ್ಟಿ, ಆಮೇಲೆ ಮಾತಾಡಿದ.

"ತಡಿ ಶಶಿ, ಈ ಆಟ ಮುಗೀಲಿ. ಆ ಹೊಗೇಲಿ ಕ್ಯಾಮೆರಾಗೆ ಯಾರ ಎಲೆಯೂ ಕಾಣ್ತಿರಲಿಲ್ಲ. ಈಗ ನೋಡು, ಒಬ್ಬೊಬ್ಬರ ಕೈಯೂ ಹೇಗೆ ನಿಚ್ಚಳವಾಗಿ ಕಾಣುತ್ತೆ."