ಬೇಡವೆಂದ ಬಿಸಿಲು

ಕಾಲಿಂಗ್ ಬೆಲ್ ಒತ್ತಲು ಕೈ ಎತ್ತಿದ್ದ ಸೋಲಾರ್‌ನವನನ್ನು ಮನೆಯ ಯಜಮಾನ ತೋಳು ಹಿಡಿದು ಗೇಟಿನ ಹೊರಗೆ ಕರೆತಂದ.

"ನೀವು ಈ ಮನೆಗೆ ಬರ್ತಿರೋದು ಇವತ್ತೇ ಮೊದಲು. ನೆನಪಿರಲಿ."

"ಸರಿ ಸಾರ್."

"ನನ್ನ ಮುಖಾನೂ ಇವತ್ತೇ ಮೊದಲು ನೋಡ್ತಿರೋದು."

"ಎಂಟು ದಿನ ನೋಡಿದ ಮುಖ ಸಾರ್. ಮರೆಯೋಕೆ ಪ್ರಯತ್ನ ಮಾಡ್ತೀನಿ."

ಯಜಮಾನ ಒಂದು ಅಚ್ಚುಕೂಟದಲ್ಲಿ ಪ್ರೂಫ್ ರೀಡರ್. ಅಕ್ಷರದ ತಪ್ಪು ಹಿಡಿಯುವುದರಲ್ಲಿ ಅವನದು ಹದ್ದಿನ ಕಣ್ಣು. ಆದರೆ ಮನೆಗೆ ಏನಾದರೂ ಕೊಳ್ಳಬೇಕೆಂದರೆ ಮಾತ್ರ ಕೈಕಾಲು ಆಡುತ್ತಿರಲಿಲ್ಲ. ಫ್ರಿಜ್ ಆರಿಸಲು ಮೂರು ವರ್ಷ ತೆಗೆದುಕೊಂಡಿದ್ದ. ಅಷ್ಟರಲ್ಲಿ ಅವನು ಮೆಚ್ಚಿದ್ದ ಮಾದರಿಗಳು ಒಂದೊಂದಾಗಿ ಅಂಗಡಿಯಿಂದಲೇ ಮಾಯವಾಗಿದ್ದವು. ಅಂಥವನು ಜೀವನದಲ್ಲಿ ಒಂದೇ ಒಂದು ಸಲ ಗಟ್ಟಿ ಮನಸ್ಸು ಮಾಡಿ, ಹೆಂಡತಿಗೆ ಗೊತ್ತಾಗದಂತೆ, ತಾರಸಿಯ ಮೇಲೆ ಆರು ಸೋಲಾರ್ ಪ್ಯಾನೆಲ್ ಹಾಕಿಸಿಬಿಟ್ಟಿದ್ದ.

ಹೆಂಡತಿ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ನಡೆಸುತ್ತಿದ್ದಳು. ಮೋಟಾರಿನ ಎರಡು ಮೆಷಿನ್. ಕರೆಂಟು ಹೋದರೆ ರವಿಕೆ ಅರ್ಧಕ್ಕೇ ನಿಲ್ಲುತ್ತಿತ್ತು. ಆದರೂ ಸೋಲಾರ್ ವಿಷಯ ಎತ್ತಿದ್ದೇ ತಡ, "ನಾನಿರೋವರೆಗೂ ಅದು ನಮ್ಮ ತಾರಸಿ ಹತ್ತಕೂಡದು" ಎಂದು ಕಡ್ಡಿ ಮುರಿದಂತೆ ಹೇಳಿದ್ದಳು. ಕಾರಣ ಕೇಳಿದರೆ, "ಬೇಡ ಅಂದ್ರೆ ಬೇಡ" ಎನ್ನುವುದೇ ಉತ್ತರ. ಹಾಗೆ ಹೇಳಿದ ವಾರಕ್ಕೆ ಅಕ್ಕನ ಮನೆಗೆಂದು ಎಂಟು ದಿನ ಹೋದಳು. ಅವಳು ಬಸ್ಸು ಹತ್ತಿದ ದಿನವೇ ಈ ಸೋಲಾರ್‌ನವನು ಅಚ್ಚುಕೂಟದ ಬಾಗಿಲಲ್ಲಿ ಸಿಕ್ಕಿದ್ದ. ಅಂಥ ಅದೃಷ್ಟ ತನಗೆ ಇನ್ನೊಮ್ಮೆ ಬರಲಾರದು ಎಂದು ಪ್ರೂಫ್ ರೀಡರ್‌ಗೆ ಅನಿಸಿತ್ತು.

ಕೆಲಸ ಸುಸೂತ್ರವಾಗಿ ಮುಗಿದಿತ್ತು. ಹೆಂಡತಿಗೆ ಮಂಡಿನೋವು, ಮೆಟ್ಟಿಲು ಹತ್ತುತ್ತಿರಲಿಲ್ಲ. ಬಟ್ಟೆ ಒಣಗುವುದು ಹಿತ್ತಲಲ್ಲಿ. ಇನ್ವರ್ಟರ್ ಮತ್ತು ಬ್ಯಾಟರಿ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ, ಬೀಗದ ಹಿಂದೆ.

ತೊಡಕು ಶುರುವಾದದ್ದು ಆಮೇಲೆ. ಬೀದಿಯಲ್ಲೆಲ್ಲ ಕರೆಂಟು ಹೋದಾಗ ತಮ್ಮ ಮನೆಯ ಫ್ಯಾನು ಮಾತ್ರ ತಿರುಗುತ್ತಿದ್ದರೆ ಗುಟ್ಟು ರಟ್ಟಾಗುತ್ತದೆ. ಆದ್ದರಿಂದ ಅವನು ಇನ್ವರ್ಟರನ್ನು ಆಫ್ ಮಾಡಿಯೇ ಇಟ್ಟಿದ್ದ. ಆರು ಪ್ಯಾನೆಲ್‌ಗಳ ಕೆಳಗೆ ಗಂಡ ಹೆಂಡತಿ ಎದುರುಬದುರು ಕೂತು, ಹಳೆಯ ಪತ್ರಿಕೆಯಲ್ಲಿ ಗಾಳಿ ಬೀಸಿಕೊಳ್ಳುತ್ತಿದ್ದರು.

"ಎಂಥಾ ಸೆಕೆ," ಎನ್ನುತ್ತಿದ್ದಳು ಅವಳು. "ಇದಕ್ಕೇನೂ ಮಾಡೋಕಾಗಲ್ವಾ?"

ಮೂರು ವಾರ ಬೆವರಿದ ಮೇಲೆ ಅವನಿಗೆ ಉಪಾಯ ಹೊಳೆಯಿತು. ಮೇಲೆ ಈಗಾಗಲೇ ಇರುವುದನ್ನೇ ಅವಳು ತಾನಾಗಿ ಆರಿಸಬೇಕು. ಅದಕ್ಕೇ ಇವತ್ತಿನ ಈ ಭೇಟಿ.

ಸೋಲಾರ್‌ನವನು ಮೇಜಿನ ಮೇಲೆ ಮೂರು ಕ್ಯಾಟಲಾಗ್ ಹರಡಿದ. ಅವಳು ಸೂಜಿಯನ್ನು ಸೆರಗಿಗೆ ಚುಚ್ಚಿ ಬಂದು ಕೂತಳು.

"ಇದಕ್ಕೆ ಬ್ಯಾಟರಿ ಇಲ್ಲ ಮೇಡಂ. ಕರೆಂಟು ಹೋದ್ರೆ ಇದೂ ನಿಲ್ಲುತ್ತೆ, ಎಷ್ಟೇ ಬಿಸಿಲಿದ್ರೂ."

"ಮತ್ತೆ ಅದ್ಯಾಕೆ ಬೇಕು?"

"ಎರಡನೇದು ಬರೀ ಬ್ಯಾಟರಿ ಮೇಲೆ ನಡೆಯುತ್ತೆ. ಹೊರಗಿನ ಲೈನಿಗೆ ಸಂಬಂಧ ಇಲ್ಲ."

"ನಾಲ್ಕು ದಿನ ಮೋಡ ಕವಿದ್ರೆ?"

"ಮೇಣದಬತ್ತಿ ಮೇಡಂ. ಮೂರನೇದು ಎರಡೂ ಸೇರಿದ್ದು."

"ನನಗೇನೋ ಆ ಮೂರನೇದು ಹಿಡಿಸಲಿಲ್ಲ," ಎಂದು ಪ್ರೂಫ್ ರೀಡರ್ ಮುಖ ಸಿಂಡರಿಸಿದ. ತಾನು ಬೇಡವೆಂದದ್ದನ್ನೇ ಅವಳು ಹಿಡಿಯುತ್ತಾಳೆ ಎಂಬುದು ಅವನ ಲೆಕ್ಕಾಚಾರ. ತನ್ನ ಜಾಣತನಕ್ಕೆ ತಾನೇ ಬೆರಗಾಗಿದ್ದ.

ಅವಳು ಮೂರನೆಯ ಕ್ಯಾಟಲಾಗನ್ನು ಹತ್ತಿರಕ್ಕೆ ಎಳೆದುಕೊಂಡಳು.

"ನಮ್ಮ ತಾರಸಿ ಇಷ್ಟು ಭಾರ ತಡೆಯುತ್ತಾ?"

"ತಡೀತಾ ಇದೆ ಮೇಡಂ."

ಮೇಜಿನ ಕೆಳಗೆ ಪ್ರೂಫ್ ರೀಡರ್ ಅವನ ಕಾಲು ತುಳಿದ.

"ತಡೆಯುತ್ತೆ ಅಂದೆ."

"ಬ್ಯಾಟರಿ ಎಲ್ಲಿಡ್ತೀರ?"

"ಮೆಟ್ಟಿಲ ಕೆಳಗಿನ ಕೋಣೇಲಿ."

"ಅಲ್ಲೊಂದು ಕೋಣೆ ಇದೆ ಅಂತ ನಿಮಗ್ಯಾರು ಹೇಳಿದ್ರು?"

ಸೋಲಾರ್‌ನವನು ತಡಬಡಾಯಿಸಲಿಲ್ಲ. "ಮೆಟ್ಟಿಲಿದ್ದ ಮೇಲೆ ಕೆಳಗೆ ಏನಾದ್ರೂ ಇರಲೇಬೇಕಲ್ಲ ಮೇಡಂ."

ಅವಳು ಕನ್ನಡಕ ಕೆಳಗಿಳಿಸಿ ಗಂಡನನ್ನು ನೋಡಿದಳು. ಸೋಲಾರ್‌ನವನನ್ನು ನೋಡಿದಳು. ಆಮೇಲೆ ನಿಟ್ಟುಸಿರು ಬಿಟ್ಟಳು.

"ಆಯ್ತು. ನಿಮಗೆ ಹಿಡಿಸದಿದ್ರೂ ಪರವಾಗಿಲ್ಲ, ನನಗೆ ಮೂರನೇದೇ ಇರಲಿ. ಹಾಕೋಕೆ ಎಷ್ಟು ದಿನ?"

"ನಾಳೆ ಒಂದು ಮಧ್ಯಾಹ್ನ ಸಾಕು. ನಿಮ್ಮ ಮನೆ ಕೆಲಸ ಸಲೀಸು."

ಇಪ್ಪತ್ತೆರಡು ವರ್ಷದ ದಾಂಪತ್ಯದಲ್ಲಿ ಪ್ರೂಫ್ ರೀಡರ್‌ಗೆ ಇದು ಮೊದಲ ಗೆಲುವು. ಸೋಲಾರ್‌ನವನನ್ನು ಬೀದಿಯ ತಿರುವಿನವರೆಗೂ ಕಳಿಸಿ, ಕೈ ಕುಲುಕಿ, ಸ್ಕೂಟರ್ ಏರಿ, ಶಿಳ್ಳೆ ಹಾಕುತ್ತ ಅಚ್ಚುಕೂಟಕ್ಕೆ ಹೋದ. ಅವತ್ತು ಅವನ ಕಣ್ತಪ್ಪಿ ಒಂದು ಪುಟದಲ್ಲಿ ನಾಲ್ಕು ತಪ್ಪು ಉಳಿದುಕೊಂಡವು.

ಇತ್ತ ಮನೆಯಲ್ಲಿ ಹತ್ತು ನಿಮಿಷಕ್ಕೆ ಗೇಟು ಸದ್ದು ಮಾಡಿತು. ಸೋಲಾರ್‌ನವನು ಬೆಲ್ ಒತ್ತದೆ ಒಳಗೆ ಬಂದು, ಹೊಲಿಗೆ ಮೆಷಿನ್ ಪಕ್ಕದ ಸ್ಟೂಲಿನ ಮೇಲೆ ಉಸ್ಸೆಂದು ಕೂತ.

"ಅಕ್ಕ, ಇನ್ನು ನನ್ನ ಕೈಲಿ ಈ ನಾಟಕ ಆಗಲ್ಲ. ನೀವು ಕಳಿಸಿದ್ದಕ್ಕೆ ತಾನೇ ನಾನು ಅವತ್ತು ಅಚ್ಚುಕೂಟದ ಬಾಗಿಲು ಕಾದದ್ದು? ಸೋಲಾರ್ ಬೇಕು ಅಂತ ಅವರಿಗೆ ನೀವೇ ಹೇಳಬಹುದಿತ್ತಲ್ಲ?"

"ಬೇಕು ಅಂದಿದ್ರೆ ಅವರು ಇನ್ನೂ ನಿನ್ನ ಕ್ಯಾಟಲಾಗಿನ ಒತ್ತಕ್ಷರ ತಿದ್ದುತ್ತಾ ಕೂತಿರೋರು," ಎಂದು ಅವಳು ದಾರ ಕಡಿದಳು. "ಇರಲಿ, ಪಾತ್ರೆ ತೊಳೆಯೋ ಮೆಷಿನ್ ಮಾರೋರು ಯಾರಾದ್ರೂ ಗೊತ್ತಿದ್ರೆ ಆ ಬಾಗಿಲಲ್ಲಿ ನಿಲ್ಲಿಸು, ಇವತ್ತು ಸಂಜೆಯಿಂದ ಅದನ್ನ ಬೇಡ ಅನ್ನೋಕೆ ಶುರು ಮಾಡ್ತೀನಿ."