ಹಿಂದಿನ ಸೀಟು

ಅಲೆ ಬಂದು ಬಾಗಿಲಿಗೆ ಬಡಿದದ್ದೇ ಜಿತೇಂದ್ರ ಜೀಪಿನಿಂದ ಹಾರಿ, ದಡದಲ್ಲಿ ನಿಂತು ಕೈರಂಪಣಿ ಬಲೆ ಎಳೆಯುತ್ತಿದ್ದವರ ಕಡೆ ಓಡಿದ. ಬೈಂದೂರಿನ ಕಡಲಂಚಿನಲ್ಲಿ ಗಮ್ಮತ್ತಿಗೆಂದು ಓಡಿಸಿದ ಹೊಸ ಜೀಪು ಹೊಯಿಗೆಯಲ್ಲಿ ಅರ್ಧ ಚಕ್ರ ಹೂತು ನಿಂತಿತ್ತು.

‘ಹಗ್ಗ ಬಿಟ್ಟು ಬನ್ನಿ, ಗಾಡಿ ಹೋಗುತ್ತೆ.’

‘ಹ್ವಾಯ್, ಈಗ ಬಿಟ್ರೆ ಮೀನೆಲ್ಲ ಹೋತ್ತ್. ಸ್ವಲ್ಪ ತಡ್ಕಣಿ,’ ಎಂದ ಸಾಲಿನ ಮುಂದಿದ್ದ ದೇವು, ತಿರುಗಿಯೂ ನೋಡದೆ.

ಇನ್ನೊಂದು ಅಲೆ ಜೀಪನ್ನು ಅಲ್ಲಾಡಿಸಿತು. ‘ಹಿಂದಿನ ಸೀಟಿನಲ್ಲಿ ನಮ್ಮಮ್ಮ ಇದ್ದಾರೆ,’ ಎಂದುಬಿಟ್ಟ ಜಿತೇಂದ್ರ. ಅಮ್ಮ ದಾವಣಗೆರೆಯ ಮನೆಯಲ್ಲಿದ್ದರು.

ಎಲ್ಲ ಕೈಗಳೂ ಒಟ್ಟಿಗೆ ಹಗ್ಗ ಬಿಟ್ಟವು. ಬೆಳಗಿನಿಂದ ಎಳೆದ ಬಲೆ, ತುಂಬಿದ್ದ ಬೂತಾಯಿ ಮೀನಿನ ಸಮೇತ ಹಿಂದಕ್ಕೆ ಜಾರಿತು. ದೇವು ಎಲ್ಲರಿಗಿಂತ ಮೊದಲು ಜೀಪು ಮುಟ್ಟಿ, ಒಳಗೆ ನುಗ್ಗಿದ್ದ ನೀರಿನಲ್ಲಿ ಕೈಯಾಡಿಸಿದ, ಸೀಟಿನ ಕೆಳಗೂ ತಡಕಿದ. ಕಡಲ ಕಡೆಯ ಬಾಗಿಲು ತೆರೆದುಕೊಂಡು ಅಲೆಗೆ ಬಡಿದುಕೊಳ್ಳುತ್ತಿತ್ತು. ಅವನು ತಲೆಯೆತ್ತಿ ಕಡಲಿನತ್ತ ನೋಡಿದ.

‘ಅಮ್ಮ ಒಳಗಿಲ್ಲೆ. ನೀರ್ ಎಳ್ಕಂಡ್ ಹೋಯ್ತ್ ಕಾಂತ್.’

ಜಿತೇಂದ್ರ ಬಾಯಿ ತೆರೆದ. ‘ಒಳಗೆ ಯಾರೂ ಇರಲಿಲ್ಲ’ ಎಂಬ ಮಾತು ಹೊರಬೀಳುವಷ್ಟರಲ್ಲಿ ದೇವು ಅಲೆಯೊಳಗೆ ಮುಳುಗಿಯಾಗಿತ್ತು.